ಬಿದ್ದ ಮಂಟಪವನ್ನು ಮತ್ತೆ ನಿಲ್ಲಿಸಿದ ಊರು

ಕಾಠ್ಮಂಡು ನಗರಕ್ಕೆ ಆ ಹೆಸರು ಬಂದದ್ದು ಕಾಷ್ಠಮಂಡಪ ಎಂಬ ಒಂದು ಮರದ ಕಟ್ಟಡದಿಂದ. ಹಳೆಯ ಊರಿನ ಮರು ಎಂಬ ಕೇರಿಯಲ್ಲಿ, ಒಂದು ಕಾಲಕ್ಕೆ ಟಿಬೆಟ್ಟಿನ ಕಡೆಗೂ ಗಂಗೆಯ ಬಯಲಿನ ಕಡೆಗೂ ಹೋಗುತ್ತಿದ್ದ ವರ್ತಕರ ದಾರಿಗಳು ಕೂಡುತ್ತಿದ್ದ ಜಾಗದಲ್ಲಿ, ಮೂರು ಮಾಡುಗಳ ಆ ಮಂಟಪವಿದೆ. ಇಡೀ ಮಂಟಪವನ್ನು ಒಂದೇ ಮರದಿಂದ ಕಟ್ಟಿದರೆಂಬುದು ಊರಿನವರ ನಂಬಿಕೆ. 2013ರ ಚಳಿಗಾಲದಲ್ಲಿ ನಾನು ಮೊದಲ ಬಾರಿ ಅಲ್ಲಿಗೆ ಹೋದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸುತ್ತಲಿನ ಜಗಲಿಯಲ್ಲಿ ಸೊಪ್ಪು ಮಾರುವ ಹೆಂಗಸರು ಬುಟ್ಟಿ ಇಳಿಸಿ ಕುಳಿತಿದ್ದರು, ಮುದುಕರು ಬಿಸಿಲಿಗಾಗಿ ಕಾಯುತ್ತಿದ್ದರು. ಒಳಗೆ ದಪ್ಪ ಕಂಬಗಳ ನಡುವೆ ಗೋರಖನಾಥನ ವಿಗ್ರಹ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗಣಪತಿಗಳು. ಮಂಗಳೂರಿನ ಕದ್ರಿಯಲ್ಲಿ, ಜೋಗಿ ಮಠಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೆಳೆದ ನನಗೆ ಗೋರಖನಾಥನೂ ಅವನ ಗುರು ಮತ್ಸ್ಯೇಂದ್ರನಾಥನೂ ಚಿಕ್ಕಂದಿನಿಂದ ಕೇಳಿದ ಹೆಸರುಗಳು. ಅಷ್ಟು ದೂರದ ಬೆಟ್ಟಗಳ ನಡುವೆ, ಒಂದು ರಾಜಧಾನಿಗೆ ಹೆಸರು ಕೊಟ್ಟ ಮಂಟಪದ ಮಧ್ಯದಲ್ಲಿ ಆತನನ್ನು ಕಂಡಾಗ ಪರಊರಿಗೆ ಬಂದ ಅಳುಕು ಅರ್ಧ ಕಡಿಮೆಯಾಯಿತು.

2015ರ ಏಪ್ರಿಲ್ 25ರ ಶನಿವಾರ, ಮಧ್ಯಾಹ್ನಕ್ಕೆ ಇನ್ನು ನಾಲ್ಕು ನಿಮಿಷವಿರುವಾಗ, 7.8ರ ತೀವ್ರತೆಯ ಭೂಕಂಪದಲ್ಲಿ ಆ ಮಂಟಪ ಕುಸಿದುಬಿತ್ತು. ಶನಿವಾರ ನೇಪಾಳದಲ್ಲಿ ವಾರದ ರಜೆ. ಮಂಟಪದೊಳಗೆ ಆ ಹೊತ್ತಿನಲ್ಲಿ ರಕ್ತದಾನ ನಡೆಯುತ್ತಿತ್ತು. ರಕ್ತ ಕೊಡಲು ಬಂದವರಲ್ಲಿ ಹಲವರು ಕಂಬಗಳಡಿಯಲ್ಲಿ ಸಿಕ್ಕಿ ಸತ್ತರು. ಇಡೀ ದೇಶದಲ್ಲಿ ಸತ್ತವರ ಸಂಖ್ಯೆ ಸುಮಾರು ಒಂಬತ್ತು ಸಾವಿರ. ನಾನು ಮನೆಯಲ್ಲಿ ಕುಳಿತು ಮಣ್ಣು, ಇಟ್ಟಿಗೆ, ಮುರಿದ ತೊಲೆಗಳ ಆ ರಾಶಿಯ ಚಿತ್ರವನ್ನು ನೋಡಿದೆ. ಜಗಲಿಯಲ್ಲಿ ನನ್ನ ಪಕ್ಕ ಕುಳಿತಿದ್ದವರ ಮುಖಗಳು ನೆನಪಿಗೆ ಬಂದು, ಅವರು ಎಲ್ಲಿದ್ದಾರೋ ಎಂಬ ಯೋಚನೆ ಬಹಳ ದಿನ ಬಿಡಲಿಲ್ಲ.

ಹತ್ತು ವರ್ಷಗಳ ಅಂತರದಲ್ಲಿ, 2023ರ ಭಾದ್ರಪದದಲ್ಲಿ, ಇಂದ್ರ ಜಾತ್ರೆ ನೋಡಲೆಂದು ಮತ್ತೆ ಹೋದೆ. ಮಂಟಪ ಎದ್ದು ನಿಂತಿತ್ತು. ಹಳೆಯ ಅಳತೆ, ಮರ, ಇಟ್ಟಿಗೆ, ಮಣ್ಣಿನ ಗಾರೆ, ಹೆಂಚು. ಕುಸಿತದ ನಂತರ ಪುರಾತತ್ತ್ವಜ್ಞರು ಬುಡವನ್ನು ಅಗೆದಾಗ ತಿಳಿದ ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಅಲ್ಲಿಯವರೆಗೆ 12ನೇ ಶತಮಾನದ್ದೆಂದು ತಿಳಿಯಲಾಗಿದ್ದ ಕಟ್ಟಡದ ತಳಪಾಯ 7ನೇ ಶತಮಾನದಷ್ಟು ಹಳೆಯದು. ಒಂಬತ್ತು ಮನೆಗಳ ಮಂಡಲದ ಆಕಾರದಲ್ಲಿ ಇಟ್ಟಿಗೆಯ ಗೋಡೆಗಳನ್ನು ನೆಲದೊಳಗೆ ಹೆಣೆದು ಮಾಡಿದ ಆ ತಳಪಾಯ ಭೂಕಂಪಕ್ಕೆ ಜಗ್ಗಿರಲಿಲ್ಲ. ದೋಷವಿದ್ದದ್ದು ನಮ್ಮ ಕಾಲದ ದುರಸ್ತಿಯಲ್ಲಿ: ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು ತನ್ನ ಅಡಿಗಲ್ಲಿನ ಮೇಲೆ ಕೂತಿರಲಿಲ್ಲ, ಆ ಕಲ್ಲಿನ ಮೇಲೆಯೇ ನೆಲ ಹಾಸಿಬಿಟ್ಟಿದ್ದರು. ಸಾವಿರ ವರ್ಷ ಹಿಂದಿನವರು ಬಲ್ಲ ಕೆಲಸವನ್ನು ಇತ್ತೀಚಿನವರು ಮರೆತದ್ದಕ್ಕೆ ತೆತ್ತ ಬೆಲೆ ಅದು.

ಮರುನಿರ್ಮಾಣವೂ ಸುಲಭವಾಗಿ ನಡೆಯಲಿಲ್ಲ. ಟೆಂಡರ್ ಕರೆದು ಗುತ್ತಿಗೆದಾರರಿಗೆ ವಹಿಸುವ ಪ್ರಯತ್ನವನ್ನು ಊರಿನವರು ಒಪ್ಪಲಿಲ್ಲ. ತಮ್ಮ ಮಂಟಪವನ್ನು ತಾವೇ, ತಮ್ಮ ಬಡಗಿಗಳ ಕೈಯಿಂದ, ಹಳೆಯ ಕ್ರಮದಲ್ಲಿಯೇ ಕಟ್ಟಬೇಕೆಂದು ಪಟ್ಟು ಹಿಡಿದರು; ಕೊನೆಗೆ ಸ್ಥಳೀಯರೂ ಇದ್ದ ಸಮಿತಿಯ ಮೂಲಕ ಕೆಲಸ ನಡೆದು 2022ರಲ್ಲಿ ಮಂಟಪ ಪೂರ್ತಿಯಾಯಿತು. ಸಮೀಪದ ರಾಣಿ ಪೋಖರಿಯಲ್ಲೂ ಇದೇ ಆಯಿತು. ಮಗನನ್ನು ಕಳೆದುಕೊಂಡ ರಾಣಿಯ ದುಃಖ ಶಮನಕ್ಕೆಂದು ಅರಸ ಪ್ರತಾಪ ಮಲ್ಲ 1670ರಲ್ಲಿ ಕಟ್ಟಿಸಿದ ಆ ಕೆರೆಗೆ ದುರಸ್ತಿಯ ವೇಳೆ ಕಾಂಕ್ರೀಟ್ ಸುರಿಯತೊಡಗಿದಾಗ ಜನ ಬೀದಿಗಿಳಿದು ತಡೆದರು. ಅದೇ ಭೂಕಂಪದಲ್ಲಿ ಉರುಳಿದ ಧರಹರಾ ಗೋಪುರ ಮಾತ್ರ ಕಾಂಕ್ರೀಟಿನಲ್ಲಿ ಎದ್ದು 2021ರಲ್ಲಿ ಉದ್ಘಾಟನೆಗೊಂಡಿತು. ಎತ್ತರದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಅದರ ಬುಡದಲ್ಲಿ ನಿಂತಾಗ ಮರುವಿನ ಜಗಲಿಯಲ್ಲಿ ಆಗುವ ಅನುಭವ ನನಗಾಗಲಿಲ್ಲ.

ಈ ಹಟ ಎಲ್ಲಿಂದ ಬಂತೆಂದು ನಾನು ಉಳಿದುಕೊಂಡಿದ್ದ ಮನೆಯ ಯಜಮಾನರನ್ನು ಕೇಳಿದೆ. ಅವರು ಈ ಕಣಿವೆಯ ಮೂಲದ ಜನರಾದ ನೇವಾರರು, ಅರುವತ್ತು ದಾಟಿದವರು. ನಾನು ಅವರನ್ನು ದಾಜು ಎಂದು, ಅಂದರೆ ಅಣ್ಣ ಎಂದು ಕರೆಯುತ್ತಿದ್ದೆ; ಅವರು ನನ್ನನ್ನು ಭಾಯಿ ಎನ್ನುತ್ತಿದ್ದರು; ಮಾತು ಹಿಂದಿಯಲ್ಲಿ. ಅವರು ಉತ್ತರ ಕೊಡುವ ಬದಲು ತಮ್ಮ ಮನೆಯ ಗುಥಿಗಳನ್ನು ಬೆರಳು ಮಡಚಿ ಎಣಿಸತೊಡಗಿದರು. ಕುಲದೇವರ ಪೂಜೆಗೆ ಒಂದು, ಕೇರಿಯ ಗಣಪತಿಗೆ ಒಂದು, ಭಜನೆಗೆ ಒಂದು, ಸತ್ತಾಗ ಹೆಣ ಹೊತ್ತು ಸಂಸ್ಕಾರ ಮುಗಿಸುವುದಕ್ಕೆ ಇನ್ನೊಂದು.

ಗುಥಿ ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಪದ ನನಗೆ ಸಿಕ್ಕಿಲ್ಲ. ಉಂಬಳಿ, ದತ್ತಿ, ಸಂಘ, ಸರದಿ ಎಲ್ಲವೂ ಅದರಲ್ಲಿ ಸೇರಿವೆ. ಹಿಂದಿನವರು ಒಂದು ಗುಡಿಗೋ, ಒಂದು ಕಲ್ಲಿನ ನೀರುದೋಣಿಗೋ, ಒಂದು ಜಾತ್ರೆಗೋ ಗದ್ದೆ ಬಿಟ್ಟುಕೊಟ್ಟು, ಅದರ ಉತ್ಪತ್ತಿಯಿಂದ ಇಂತಿಂಥ ಕೆಲಸ ಇಂತಿಂಥ ಮನೆಯವರಿಂದ ವರ್ಷವರ್ಷವೂ ನಡೆಯಬೇಕೆಂದು ಕಟ್ಟುಮಾಡುತ್ತಿದ್ದರು. ಹಿರಿಯನಿಗೆ ಥಕಾಲಿ ಎಂದು ಹೆಸರು. ಉಳಿದವರು ಪಾಳಿಯ ಮೇಲೆ ಪೂಜೆ, ಊಟ, ಲೆಕ್ಕ ನೋಡಿಕೊಳ್ಳುತ್ತಾರೆ. ಸಾವಿನ ಗುಥಿಯಲ್ಲಿ ಯಾವ ಮನೆಯಲ್ಲಿ ಸಾವಾದರೂ ಉಳಿದ ಪ್ರತಿಯೊಂದು ಮನೆಯಿಂದಲೂ ಒಬ್ಬರು ಬರಲೇಬೇಕು. ಈ ನಗರದಲ್ಲಿ ಯಾವ ಕಂಬ, ಯಾವ ಮುಖವಾಡ, ಯಾವ ತೇರಿನ ಹಗ್ಗ ಕಂಡರೂ ಅದು ಇಂಥವರದೇ ಕೆಲಸವೆಂದು ಹೇಳುವವರು ಸಿಗುತ್ತಾರೆ. 1964ರಲ್ಲಿ ಸರ್ಕಾರ ಗುಥಿ ಸಂಸ್ಥಾನವನ್ನು ಸ್ಥಾಪಿಸಿ ಬಹಳಷ್ಟು ಗುಥಿ ಭೂಮಿಯನ್ನು ಅದರ ಕೈಗೆ ಕೊಟ್ಟ ಮೇಲೆ ಎಷ್ಟೋ ಆಚರಣೆಗಳು ಸೊರಗಿದವು. 2019ರಲ್ಲಿ ಉಳಿದವುಗಳನ್ನೂ ಸರ್ಕಾರಿ ಪ್ರಾಧಿಕಾರದ ಅಡಿಗೆ ತರುವ ಮಸೂದೆ ಬಂದಾಗ ಸಾವಿರಾರು ಜನ ರಸ್ತೆಗಿಳಿದರು. ಸರ್ಕಾರ ಮಸೂದೆಯನ್ನು ಹಿಂದಕ್ಕೆ ಪಡೆಯಿತು. ಕಾಠ್ಮಂಡುವಿನ ಸಂಸ್ಕೃತಿಯನ್ನು ಪರಿಚಯಿಸಬೇಕಾದರೆ ನಾನು ಗುಡಿಗಳಿಗಿಂತ ಮೊದಲು ಗುಥಿಯ ಹೆಸರನ್ನೇ ಹೇಳುತ್ತೇನೆ.

ಊರಿನ ಭೂಗೋಳವನ್ನೂ ಸ್ವಲ್ಪ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ, ಸುತ್ತ ಗುಡ್ಡಗಳಿರುವ ಬೋಗುಣಿಯಂಥ ಕಣಿವೆ ಇದು. ಹಿಂದೆ ಇಲ್ಲಿ ದೊಡ್ಡ ಸರೋವರವಿತ್ತು. ಮಂಜುಶ್ರೀ ಬೋಧಿಸತ್ವನು ಚೋಭಾರ್‌ನಲ್ಲಿ ಗುಡ್ಡವನ್ನು ಖಡ್ಗದಿಂದ ಸೀಳಿ ನೀರನ್ನು ಹೊರಬಿಟ್ಟನೆಂಬುದು ಸ್ವಯಂಭೂ ಪುರಾಣದ ಕಥೆ. ಸರೋವರವಿದ್ದದ್ದನ್ನು ಭೂವಿಜ್ಞಾನಿಗಳೂ ಒಪ್ಪುತ್ತಾರೆ. ಅದರ ತಳದ ಕಪ್ಪು ಜೇಡಿಮಣ್ಣನ್ನು ರೈತರು ಗದ್ದೆಗೆ ಗೊಬ್ಬರವಾಗಿ ಹಾಕುತ್ತಿದ್ದರು. ನಗರದ ದೊಡ್ಡ ತರಕಾರಿ ಮಾರುಕಟ್ಟೆಯಿರುವ ಜಾಗದ ಹೆಸರೇ ಕಾಲಿಮಾಟಿ. ಆ ಮಣ್ಣಿನ ಮೇಲೆ ಎದ್ದ ಮೂರು ರಾಜಧಾನಿಗಳು ಕಾಠ್ಮಂಡು, ಪಾಟನ್ ಮತ್ತು ಭಕ್ತಪುರ. ನೇವಾರರ ಮಾತಿನಲ್ಲಿ ಅವು ಯೆಂ, ಯಲ, ಖ್ವಪ. ಮಲ್ಲ ವಂಶದ ಅರಸ ಯಕ್ಷ ಮಲ್ಲ 1482ರಲ್ಲಿ ತೀರಿಕೊಂಡ ಮೇಲೆ ರಾಜ್ಯ ಮೂರು ಹೋಳಾಯಿತು. ಮೂರೂ ಮನೆಯ ದಾಯಾದಿಗಳು ಒಬ್ಬರನ್ನೊಬ್ಬರು ಮೀರಿಸುವ ಗುಡಿ, ಅರಮನೆ, ಅಂಗಳಗಳನ್ನು ಕಟ್ಟಿಸುತ್ತಾ ಹೋದುದರಿಂದಲೇ ಈ ಸಣ್ಣ ಕಣಿವೆಯಲ್ಲಿ ಅಷ್ಟೊಂದು ಕೆತ್ತನೆ ತುಂಬಿಕೊಂಡಿದೆ. 1979ರಲ್ಲಿ ಯುನೆಸ್ಕೋ ಕಣಿವೆಯ ಏಳು ತಾಣಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋರಖಾದ ಪೃಥ್ವಿನಾರಾಯಣ ಶಾಹ 1768ರಲ್ಲಿ, ಊರೆಲ್ಲ ಇಂದ್ರ ಜಾತ್ರೆಯಲ್ಲಿ ಮುಳುಗಿದ್ದ ದಿನ, ಕಾಠ್ಮಂಡುವನ್ನು ವಶಪಡಿಸಿಕೊಂಡ. ಮುಂದೆ 1846ರಿಂದ 1951ರವರೆಗೆ ವಂಶಪಾರಂಪರ್ಯ ಪ್ರಧಾನಿಗಳಾಗಿದ್ದ ರಾಣಾಗಳ ದರ್ಬಾರು, 2008ರಲ್ಲಿ ರಾಜಪ್ರಭುತ್ವದ ಕೊನೆ. 2025ರ ಸೆಪ್ಟೆಂಬರಿನ ಯುವಜನರ ದಂಗೆಯಲ್ಲಿ ಸರ್ಕಾರದ ಕೇಂದ್ರವಾದ ಸಿಂಹ ದರ್ಬಾರಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ದೂರದಿಂದಲೇ ನೋಡಿದೆವು.

ಇಂದ್ರ ಜಾತ್ರೆ ಎಂಟು ದಿನಗಳದ್ದು. ಭಾದ್ರಪದ ಶುಕ್ಲ ದ್ವಾದಶಿಯಂದು, ಗಾಣಿಗರ ಸಮುದಾಯವಾದ ಮಾನಂಧರರು ಕಾಡಿನಿಂದ ಎಳೆದುತಂದ ಉದ್ದನೆಯ ಮರವನ್ನು ಹನುಮಾನ್ ಧೋಕಾ ಅರಮನೆಯ ಎದುರು ನೆಡುತ್ತಾರೆ. ಹಗ್ಗ ಹಿಡಿದ ನೂರಾರು ಕೈಗಳು ಒಟ್ಟಿಗೆ ಜಗ್ಗಿದಾಗ ಆ ಕಂಬ ನೆಲಬಿಟ್ಟು ಮೇಲೇಳುವ ಕ್ಷಣ ನಮ್ಮೂರಿನ ಕೊಡಿಮರ ಏರಿಸುವುದನ್ನು ನೆನಪಿಸಿತು. ಕಥೆಯೂ ಸೊಗಸಾಗಿದೆ. ತಾಯಿಯ ವ್ರತಕ್ಕೆ ಪಾರಿಜಾತ ಬೇಕಾಗಿ ಇಂದ್ರನು ವೇಷ ಮರೆಸಿಕೊಂಡು ಕಣಿವೆಗೆ ಇಳಿದು ಹೂ ಕದಿಯುವಾಗ ಜನರ ಕೈಗೆ ಸಿಕ್ಕಿಬೀಳುತ್ತಾನೆ. ಅವರು ಅವನನ್ನು ಮರುವಿನಲ್ಲಿ ಕಟ್ಟಿಹಾಕುತ್ತಾರೆ. ಕೃಷ್ಣನು ಇಂದ್ರನ ತೋಟದಿಂದ ಪಾರಿಜಾತ ತಂದ ಕಥೆಯನ್ನು ಕೇಳಿ ಬೆಳೆದ ನಮಗೆ ಇಲ್ಲಿ ಇಂದ್ರನೇ ಹೂವಿನ ಕಳ್ಳ. ಕೊನೆಗೆ ತಾಯಿ ಬಂದು, ಬೆಳೆಗೆ ಇಬ್ಬನಿಯನ್ನು ಕೊಡುವುದಾಗಿಯೂ ಆ ವರ್ಷ ಸತ್ತವರನ್ನು ಸ್ವರ್ಗಕ್ಕೆ ಕರೆದೊಯ್ಯುವುದಾಗಿಯೂ ಮಾತು ಕೊಟ್ಟು ಮಗನನ್ನು ಬಿಡಿಸಿಕೊಳ್ಳುತ್ತಾಳೆ. ಜಾತ್ರೆಯುದ್ದಕ್ಕೂ ಕೈಚಾಚಿದ ಇಂದ್ರನ ಮೂರ್ತಿಗಳನ್ನು ಸೆರೆಯಾಳಿನಂತೆ ಎಲ್ಲರಿಗೂ ಕಾಣುವಲ್ಲಿ ಇಡುತ್ತಾರೆ. ಕೆಂಪು ಮುಖವಾಡದ ಲಾಖೆ ಎಂಬ ರಾಕ್ಷಸ ಬೀದಿಯಲ್ಲಿ ಕುಣಿಯುತ್ತಾನೆ. ಅರಮನೆಯ ಗೋಡೆಯಲ್ಲಿರುವ ಶ್ವೇತ ಭೈರವನ ಬೃಹತ್ ಮುಖದ ಬಾಗಿಲು ತೆರೆದು, ಅವನ ಬಾಯಿಂದ ಅಕ್ಕಿಯ ಕಳ್ಳು ಹರಿಯುವಾಗ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಏರಿ ಬಾಯೊಡ್ಡುತ್ತಾರೆ.

ಚತುರ್ದಶಿಯಂದು, ನಮ್ಮಲ್ಲಿ ಅನಂತನ ವ್ರತ ನಡೆಯುವ ದಿನ, ಕುಮಾರಿಯ ತೇರು ಹೊರಡುತ್ತದೆ. ಕುಮಾರಿ ಎಂದರೆ ಜೀವಂತ ದೇವಿ. ಬೌದ್ಧರಾದ ಶಾಕ್ಯ ಮನೆತನಗಳ ಪುಟ್ಟ ಹುಡುಗಿಯೊಬ್ಬಳನ್ನು ಆರಿಸಿ, ಅವಳಲ್ಲಿ ಮಲ್ಲ ಅರಸರ ಕುಲದೇವಿ ತಲೇಜು ಭವಾನಿ ನೆಲೆಸಿದ್ದಾಳೆಂದು ನಂಬಿ, ಅವಳು ಋತುಮತಿಯಾಗುವವರೆಗೆ ಪೂಜಿಸುತ್ತಾರೆ. ಜಯಪ್ರಕಾಶ ಮಲ್ಲ 1757ರಲ್ಲಿ ಕಟ್ಟಿಸಿದ ಕುಮಾರಿ ಮನೆಯಲ್ಲಿ ಅವಳ ವಾಸ. ಸುತ್ತಲಿನ ಗುಡಿಗಳು ಉರುಳಿದ 2015ರಲ್ಲಿ ಆ ಮನೆ ಉಳಿಯಿತು. ಹಿಂದೆ ರಾಜರು ಅವಳ ಕೈಯಿಂದ ತಿಲಕ ಇಡಿಸಿಕೊಳ್ಳುತ್ತಿದ್ದರು, ಈಗ ರಾಷ್ಟ್ರಪತಿಗಳು ಬರುತ್ತಾರೆ. ಆ ಮಗುವಿನ ಗಂಭೀರವಾದ ಮುಖವನ್ನು ನೋಡಿದಾಗ ನನ್ನ ಕೈ ತಾನಾಗಿ ಜೋಡಿಸಿಕೊಂಡಿತು. ಅದರ ಬೆನ್ನಿಗೇ, ಇವಳಿಗೆ ಆಟ ಯಾವಾಗ, ಪಾಠ ಯಾವಾಗ ಎಂಬ ಸಂಕಟವೂ ಹುಟ್ಟಿತು. ಈ ಪ್ರಶ್ನೆಯನ್ನು ನೇಪಾಳಿಗಳೇ ಕೇಳಿಕೊಂಡಿದ್ದಾರೆ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಕುಮಾರಿಗೆ ಶಿಕ್ಷಣ ಮೊದಲಾದ ಮಕ್ಕಳ ಹಕ್ಕುಗಳನ್ನು ತಪ್ಪಿಸಬಾರದೆಂದು ಹೇಳಿತು. ಈಗ ಶಿಕ್ಷಕರು ಅವಳಿದ್ದಲ್ಲಿಗೇ ಬಂದು ಪಾಠ ಹೇಳುತ್ತಾರೆ. ನನಗೆ ಅಷ್ಟಕ್ಕೆ ಪೂರ್ತಿ ಸಮಾಧಾನವಾಗಿಲ್ಲ.

ಆ ತಲೇಜು ದೇವಿಯ ಹೆಸರಿನ ಹಿಂದೆ ಕನ್ನಡಿಗರು ಕಿವಿಗೊಟ್ಟು ಕೇಳಬೇಕಾದ ಇತಿಹಾಸವಿದೆ. 11ನೇ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯರ ದಂಡಯಾತ್ರೆಗಳು ಉತ್ತರ ಮತ್ತು ಪೂರ್ವ ಭಾರತದವರೆಗೆ ನಡೆದಾಗ ಅವುಗಳೊಡನೆ ಹೋದ ಕನ್ನಡ ಮೂಲದ ಸೈನಿಕ ಮನೆತನಗಳಲ್ಲಿ ಕೆಲವು ಅಲ್ಲೇ ನೆಲೆಸಿದವೆಂದು ಇತಿಹಾಸಕಾರರು ಹೇಳುತ್ತಾರೆ. 1097ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿದ. ಇಂದಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನ್‌ಗಢ ಆ ರಾಜ್ಯದ ರಾಜಧಾನಿ. ವಂಶದ ಹೆಸರು ಕರ್ನಾಟ ವಂಶ. ಆ ವಂಶದ ಹರಿಸಿಂಹದೇವ 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ದಾಳಿಗೆ ರಾಜ್ಯ ಕಳೆದುಕೊಂಡು ಬೆಟ್ಟಗಳತ್ತ ಹೊರಟು ದಾರಿಯಲ್ಲೇ ತೀರಿಕೊಂಡ. ರಾಣಿ ದೇವಲದೇವಿಯೂ ಮಗನೂ ಭಕ್ತಪುರ ಸೇರಿದರು. ಮುಂದೆ ಆ ಮನೆತನದ ರಾಜಲ್ಲದೇವಿಯನ್ನು ಜಯಸ್ಥಿತಿ ಮಲ್ಲ ಮದುವೆಯಾಗಿ ಇಡೀ ಕಣಿವೆಯ ಅರಸನಾದ. ತಲೇಜು ಅವರೊಂದಿಗೆ ಬಂದ ದೇವಿಯೆಂಬುದು ಇಲ್ಲಿನ ನಂಬಿಕೆ. ಕಾಠ್ಮಂಡುವಿನ ಎಲ್ಲ ಹಳೆಯ ಮನೆಗಳಿಗಿಂತ ಎತ್ತರವಾಗಿ ನಿಂತಿರುವ ಅವಳ ಗುಡಿಯನ್ನು ಮಹೇಂದ್ರ ಮಲ್ಲ 1564ರಲ್ಲಿ ಕಟ್ಟಿಸಿದ. ಇನ್ನೂರಕ್ಕೂ ಹೆಚ್ಚು ವರ್ಷ ಮೈಥಿಲಿಯ ನಡುವೆ ಬಾಳಿದ ಆ ಮನೆತನಕ್ಕೆ ಕೊನೆಗೆ ಕನ್ನಡದ ಒಂದು ಪದವಾದರೂ ಉಳಿದಿತ್ತೋ ಇಲ್ಲವೋ, ಹೆಸರಂತೂ ಉಳಿದಿತ್ತು.

ಇನ್ನೊಂದು ಎಳೆ ಕದ್ರಿಯದು. ಅಸನ್ ಪೇಟೆಯಿಂದ ಇಂದ್ರ ಚೌಕಕ್ಕೆ ಹೋಗುವ ದಾರಿಯಲ್ಲಿ ಜನಬಹಾ ಎಂಬ ಅಂಗಳವಿದೆ. ಬಹಾ ಎಂದರೆ ವಿಹಾರ. ಅಂಗಳದ ಸುತ್ತ ಮನೆಗಳು, ನಡುವೆ ಗುಡಿ. ಅಲ್ಲಿನ ಬಿಳಿ ಬಣ್ಣದ ದೇವರನ್ನು ಬೌದ್ಧರು ಕರುಣಾಮಯ ಲೋಕೇಶ್ವರ ಎನ್ನುತ್ತಾರೆ, ಹಿಂದೂಗಳು ಸೇತೋ ಮಚ್ಛೀಂದ್ರನಾಥ ಎನ್ನುತ್ತಾರೆ. ಒಬ್ಬರ ದೀಪದ ಪಕ್ಕದಲ್ಲೇ ಇನ್ನೊಬ್ಬರ ದೀಪ. ಚೈತ್ರದಲ್ಲಿ ಈ ದೇವರ ತೇರನ್ನೂ, ವೈಶಾಖದಲ್ಲಿ ಪಾಟನ್ನಿನಲ್ಲಿ ಕೆಂಪು ಮಚ್ಛೀಂದ್ರನಾಥನ ಇನ್ನೂ ಎತ್ತರದ ತೇರನ್ನೂ ಬೆತ್ತದಿಂದ ಬಿಗಿದು ಕಟ್ಟಿ ಎಳೆಯುತ್ತಾರೆ. ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಬೌದ್ಧ ವಿಹಾರ, ಲೋಕೇಶ್ವರ, ನಾಥ ಜೋಗಿಗಳು, ಶಿವಾಲಯ: ನಮ್ಮ ಗುಡ್ಡದ ಮೇಲೆ ಒಂದರ ಮೇಲೊಂದು ಪದರವಾಗಿ ಕೂತದ್ದು ಕಾಠ್ಮಂಡುವಿನ ಈ ಅಂಗಳದಲ್ಲಿ ಇವತ್ತಿಗೂ ಏಕಕಾಲಕ್ಕೆ ನಡೆಯುತ್ತಿದೆ. ಬಾಲ್ಯದಿಂದ ನೋಡಿದ ಆ ಕಂಚಿನ ಮೂರ್ತಿಯ ಅರ್ಥ ನನಗೆ ತಿಳಿದದ್ದು ಜನಬಹಾದಲ್ಲಿ ಒಬ್ಬ ಅಜ್ಜಿ ಅಕ್ಕಿ ಎರಚಿ ಗಂಟೆ ಬಾರಿಸಿ ಹೋದುದನ್ನು ಕಂಡ ಮೇಲೆ.

ಪಶುಪತಿನಾಥದ ಬಗ್ಗೆ ಕನ್ನಡಿಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕು ಮುಖಗಳ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವ ಭಟ್ಟರು ದಕ್ಷಿಣದವರು, ಅದರಲ್ಲೂ ಕರ್ನಾಟಕದವರು. ಈ ಹುದ್ದೆ ತಂದೆಯಿಂದ ಮಗನಿಗೆ ಬರುವಂಥದ್ದಲ್ಲ. ವೇದಾಧ್ಯಯನ ನೋಡಿ ಆರಿಸುತ್ತಾರೆ. ರಾಜ ಸತ್ತಾಗ ಇಡೀ ದೇಶಕ್ಕೆ ಸೂತಕ ತಗಲುವುದರಿಂದ, ಸೂತಕವಿಲ್ಲದ ಹೊರಗಿನವರು ಇದ್ದರೆ ಪೂಜೆ ನಿಲ್ಲುವುದಿಲ್ಲ ಎಂಬುದು ಜನರು ಹೇಳುವ ಕಾರಣ. 2008ರ ಕೊನೆಯಲ್ಲಿ ಆಗಿನ ಸರ್ಕಾರ ಭಟ್ಟರ ಬದಲು ನೇಪಾಳಿ ಅರ್ಚಕರನ್ನು ನೇಮಿಸಿದಾಗ ದೊಡ್ಡ ಗದ್ದಲವೆದ್ದು, ಮರುತಿಂಗಳೇ ಆ ನಿರ್ಧಾರ ಬದಲಾಯಿತು. ಸಂಜೆಯ ಹೊತ್ತು ಬಾಗ್ಮತಿಯ ಈಚೆ ದಡದಲ್ಲಿ ಆರತಿಯ ಹಾಡು, ಆಚೆ ಆರ್ಯಘಾಟಿನಲ್ಲಿ ಉರಿಯುವ ಚಿತೆಗಳು. ಎರಡನ್ನೂ ಒಂದೇ ನೋಟದಲ್ಲಿ ನೋಡುತ್ತಾ ಜನ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಯಾರೂ ಮುಖ ತಿರುಗಿಸುವುದಿಲ್ಲ. ಬೌದ್ಧನಾಥ ಸ್ತೂಪ ಅಲ್ಲಿಂದ ದೂರವಿಲ್ಲ. 1959ರ ನಂತರ ಬಂದ ಟಿಬೆಟ್ಟಿನವರು ಅದರ ಸುತ್ತ ನೆಲೆಸಿದರು. ಭೂಕಂಪದಲ್ಲಿ ಬಿರುಕುಬಿಟ್ಟ ಅದರ ಶಿಖರವನ್ನು ಭಕ್ತರು ಕಾಣಿಕೆ ಕೂಡಿಸಿ 2016ರೊಳಗೇ ಸರಿಪಡಿಸಿದರು.

ಭಾಷೆಯ ಮಾತು ಬಂದಾಗ ದಾಜುವಿನ ಧ್ವನಿ ಬದಲಾಗುತ್ತಿತ್ತು. ಕಣಿವೆಯ ಮೂಲದ ಮಾತು ನೇಪಾಳಿಯಲ್ಲ, ನೇಪಾಳ ಭಾಷೆ. ನೇವಾರಿ ಎಂದರೂ ಅದೇ. ಸಂಸ್ಕೃತದ ಪದಗಳು ಹೇರಳವಾಗಿದ್ದರೂ ಅದು ಟಿಬೆಟೋ-ಬರ್ಮನ್ ಕುಲದ್ದು. ರಾಣಾಗಳ ಕಾಲದಲ್ಲಿ ಅದರಲ್ಲಿ ಬರೆಯುವುದೇ ಅಪರಾಧವಾಗಿತ್ತು. ಕವಿ ಚಿತ್ತಧರ ಹೃದಯರು ತಾಯ್ನುಡಿಯಲ್ಲಿ ಕವಿತೆ ಬರೆದದ್ದಕ್ಕಾಗಿ 1940ರ ದಶಕದಲ್ಲಿ ಐದು ವರ್ಷ ಜೈಲಿನಲ್ಲಿದ್ದರು; ಬುದ್ಧನ ಜೀವನವನ್ನು ಕುರಿತ ಮಹಾಕಾವ್ಯವನ್ನು ಅಲ್ಲಿಯೇ ಗುಟ್ಟಾಗಿ ಬರೆದರು. ಪ್ರಜಾಪ್ರಭುತ್ವ ಬಂದ ಮೇಲೂ, 1999ರ ಜೂನ್ 1ರಂದು, ಕಾಠ್ಮಂಡು ಪಾಲಿಕೆ ತನ್ನ ಕಚೇರಿಯಲ್ಲಿ ಈ ಭಾಷೆಯನ್ನು ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತನ್ನ ರಾಜಧಾನಿಯಲ್ಲೇ ತನ್ನ ಮಾತಿಗೆ ಕಚೇರಿಯ ಬಾಗಿಲು ಮುಚ್ಚಿದ ನೋವನ್ನು ಕನ್ನಡಿಗನಿಗೆ ವಿವರಿಸಿ ಹೇಳಬೇಕೆ? ಈಚಿನ ವರ್ಷಗಳಲ್ಲಿ ಮಹಾನಗರಪಾಲಿಕೆ ಶಾಲೆಗಳ ಸ್ಥಳೀಯ ಪಠ್ಯದಲ್ಲಿ ನೇಪಾಳ ಭಾಷೆಯನ್ನು ಸೇರಿಸಿದೆ. ಹನುಮಾನ್ ಧೋಕಾದ ಗೋಡೆಯಲ್ಲಿ ಪ್ರತಾಪ ಮಲ್ಲ 1654ರಲ್ಲಿ ಕೆತ್ತಿಸಿದ ಕಲ್ಲಿನಲ್ಲಿ ಹಲವು ಭಾಷೆ, ಲಿಪಿಗಳಿದ್ದು, ಅದನ್ನು ಪೂರ್ತಿ ಓದಬಲ್ಲವರು ಬಂದಾಗ ಕೆಳಗಿನ ದೋಣಿಯಲ್ಲಿ ಹಾಲು ಹರಿಯುತ್ತದೆಂದು ಹೇಳುತ್ತಾರೆ. ದಾಜುವಿನ ಮೊಮ್ಮಗಳು ಶಾಲೆಯಿಂದ ಬಂದು ಅಜ್ಜನಿಗೆ ತನ್ನ ಪಾಠ ಓದಿ ತೋರಿಸುವಾಗ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ.

ಅವರ ವರ್ಷದ ಲೆಕ್ಕವೂ ಬೇರೆಯೇ. ಸರ್ಕಾರಿ ಕೆಲಸಕ್ಕೆ ವಿಕ್ರಮ ಸಂವತ್, ಹಬ್ಬಕ್ಕೆ ಕ್ರಿ.ಶ. 879ರಲ್ಲಿ ಆರಂಭವಾದ ನೇಪಾಳ ಸಂವತ್. ಶಂಖಧರನೆಂಬ ವರ್ತಕ ಊರಿನವರೆಲ್ಲರ ಸಾಲ ತೀರಿಸಿದ ನೆನಪಿಗೆ ಈ ಶಕೆ ಹುಟ್ಟಿತೆಂಬ ಕಥೆಯಿದೆ. ರಾಜನ ಗೆಲುವಿಗೆ ಬದಲು ಸಾಲಮುಕ್ತಿಯಿಂದ ವರ್ಷ ಎಣಿಸುವ ಜನ ನನಗೆ ಬಹಳ ಇಷ್ಟವಾದರು. ದೀಪಾವಳಿಯ ಹೊತ್ತಿಗೆ ಬರುವ ಆ ಹೊಸ ವರ್ಷದಂದು ಮನೆಯ ಪ್ರತಿಯೊಬ್ಬರಿಗೂ, ಪರಊರಿಗೆ ಹೋಗಿ ಹಬ್ಬಕ್ಕೆ ಬಾರದಿದ್ದವರಿಗೂ, ನೆಲದ ಮೇಲೆ ಒಂದೊಂದು ಮಂಡಲ ಬರೆದು ತಮ್ಮ ದೇಹವನ್ನೇ ತಾವು ಪೂಜಿಸುತ್ತಾರೆ. ಗಡಿಯಾರ ಭಾರತಕ್ಕಿಂತ ಹದಿನೈದು ನಿಮಿಷ ಮುಂದಿದೆ. ನಮ್ಮ ನೂರು ರೂಪಾಯಿಗೆ ಅವರ 160 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ.

ಊಟದ ವಿಷಯದಲ್ಲಿ ಎಲ್ಲರೂ ಮೊಮೊವನ್ನೇ ಹೊಗಳುತ್ತಾರೆ. ನನಗೆ ನೆನಪಿರುವುದು ಸಮಯ್ ಬಜಿ. ಬಜಿ ಎಂದರೆ ನಮ್ಮ ಅವಲಕ್ಕಿ. ಒಂದೇ ಎಲೆಯಲ್ಲಿ ಅವಲಕ್ಕಿ, ಹುರಿದ ಕಪ್ಪು ಸೋಯಾ, ಶುಂಠಿ, ಬೆಳ್ಳುಳ್ಳಿ, ಮೊಟ್ಟೆ, ಮಸಾಲೆ ಹಚ್ಚಿದ ಕೋಣದ ಮಾಂಸ, ಪಕ್ಕದಲ್ಲಿ ಪುಟ್ಟ ಮಣ್ಣಿನ ಬಟ್ಟಲಿಗೆ ಎತ್ತರದಿಂದ ಸುರಿದ ಐಲಾ ಎಂಬ ಮನೆಯ ಸಾರಾಯಿ. ಮಾಂಸ ತಿನ್ನದ ನನಗೆ ದಾಜುವಿನ ಮನೆಯವರು ಉದ್ದಿನ ಹಿಟ್ಟಿನ ಬಾರಾ ಮಾಡಿಕೊಟ್ಟರು. ನಮ್ಮ ಉದ್ದಿನ ವಡೆಯ ಹಿಟ್ಟನ್ನೇ ಕಾವಲಿಯ ಮೇಲೆ ಚಪ್ಪಟೆಯಾಗಿ ತಟ್ಟಿದ ಹಾಗಿತ್ತು. ಚಳಿಗಾಲದ ಹುಣ್ಣಿಮೆಗೆ ಮಾಡುವ ಯೋಮರಿ ಅಕ್ಕಿ ಹಿಟ್ಟಿನ ಸಿಹಿ ಕಡುಬು, ಒಳಗೆ ಗಟ್ಟಿ ಬೆಲ್ಲ ಮತ್ತು ಎಳ್ಳು. ಅಸನ್ ಪೇಟೆಯಲ್ಲಿ ಸಿಗುವ ಲಪ್ಸಿ ಹಣ್ಣಿನ ಹುಳಿಮಿಠಾಯಿ ನಮ್ಮ ಅಮಟೆಯ ರುಚಿಯನ್ನು ನೆನಪಿಗೆ ತರುತ್ತದೆ.

ಈ ಊರಿನ ಕಷ್ಟಗಳನ್ನು ಮುಚ್ಚಿಟ್ಟು ಬರೆದರೆ ಅದು ಪರಿಚಯವಾಗುವುದಿಲ್ಲ. ಚಳಿಗಾಲದಲ್ಲಿ ಹೊಗೆ ಮತ್ತು ಧೂಳು ಬೋಗುಣಿಯಲ್ಲಿ ಕೂತುಬಿಟ್ಟು ಹಿಮಾಲಯವೇ ಕಾಣುವುದಿಲ್ಲ. 1990ರ ದಶಕದಲ್ಲಿ ಬಂದ ಸಫಾ ಟೆಂಪೊ ಎಂಬ ಬ್ಯಾಟರಿಯ ಮೂರುಚಕ್ರದ ಗಾಡಿಗಳು, ಅವುಗಳಲ್ಲಿ ಬಹಳಷ್ಟನ್ನು ಹೆಂಗಸರೇ ಓಡಿಸುತ್ತಾರೆ, ಈಗಲೂ ಓಡುತ್ತಿವೆಯಾದರೂ ಉಳಿದ ವಾಹನಗಳ ಹೊಗೆಯ ಮುಂದೆ ಅವು ಎಷ್ಟರವು? ಪಶುಪತಿಯ ಪಾದ ತೊಳೆಯುವ ಬಾಗ್ಮತಿ ಊರೊಳಗೆ ಚರಂಡಿಯಾಗಿ ಹರಿಯುತ್ತದೆ; 2013ರಿಂದ ಪ್ರತಿ ಶನಿವಾರ ಸ್ವಯಂಸೇವಕರು ಅದನ್ನು ತೊಳೆಯುತ್ತಾ ಬಂದಿದ್ದಾರೆ. ಹಿಟಿ ಎಂಬ ಕಲ್ಲಿನ ನೀರುದೋಣಿಗಳ ಕಥೆ ಇನ್ನೂ ದುಃಖದ್ದು. ಪಾಟನ್ನಿನ ಮಂಗ ಹಿಟಿ ಕ್ರಿ.ಶ. 570ರದು, ಮೊಸಳೆಯ ಮುಖದ ಅದರ ಬಾಯಿಯಿಂದ ಜನ ಈಗಲೂ ಕೊಡ ತುಂಬಿಸುತ್ತಾರೆ. ಆದರೆ ನೆಲದಡಿಯ ಕಾಲುವೆಗಳನ್ನು ಹೊಸ ಕಟ್ಟಡಗಳ ಬುನಾದಿಗಳು ಕಡಿದುಹಾಕಿದ್ದರಿಂದ ಎಷ್ಟೋ ಹಿಟಿಗಳು ಬತ್ತಿವೆ. 2021ರ ಮಾರ್ಚಿನಲ್ಲಿ ಮೆಲಮ್ಚಿ ನದಿಯ ನೀರು ಸುರಂಗದ ಮೂಲಕ ನಗರಕ್ಕೆ ಬಂತು, ಜೂನಿನಲ್ಲೇ ನೆರೆ ಬಂದು ಅಣೆಕಟ್ಟಿನ ಬಾಯಿ ಮುಚ್ಚಿಹೋಯಿತು. ದಾಜುವಿನ ಮನೆಯಲ್ಲಿ ಟ್ಯಾಂಕರಿನ ನೀರನ್ನು ಅಳೆದು ಬಳಸುತ್ತಿದ್ದರು. ಸ್ನಾನಕ್ಕೆ ನನಗೊಂದು ಬಕೆಟ್, ಅವರಿಗೆ ಅರ್ಧ.

ಕಂಬ ನೆಟ್ಟ ದಿನದ ಸಂಜೆ ಅವರು ನನ್ನನ್ನು ಉಪಾಕುವಿಗೆ ಕರೆದುಕೊಂಡು ಹೋದರು. ಆ ವರ್ಷ ಮನೆಯಲ್ಲಿ ಸಾವಾದವರು ಹಳೆಯ ಊರಿನ ಎಲ್ಲೆಯನ್ನು ಬರಿಗಾಲಲ್ಲಿ ಸುತ್ತಿ, ದಾರಿಯ ಪ್ರತಿ ಗುಡಿಗೂ ಚೈತ್ಯಕ್ಕೂ ದೀಪ, ಧೂಪ ಇಡುವ ನಡಿಗೆ ಅದು. ದಾಜುವಿನ ತಾಯಿ ಫಾಲ್ಗುಣದಲ್ಲಿ ತೀರಿಕೊಂಡಿದ್ದರು. ಅಸನ್, ಇಂದ್ರ ಚೌಕ, ಜೈಸಿದೇವಲ್, ಲಗನ್ ದಾಟಿ ಗಂಟೆಗಟ್ಟಲೆ ನಡೆದೆವು. ಮುಂದೆ ಹಿಂದೆ ಸಾವಿರಾರು ದೀಪಗಳು, ಮಾತು ಕಡಿಮೆ, ಕೆಲವರ ಬಾಯಲ್ಲಿ ಮಂತ್ರ. ಬುಟ್ಟಿ ಹಿಡಿದು ಬತ್ತಿಗಳನ್ನು ಕೊಡುವ ಕೆಲಸ ನನ್ನದಾಗಿತ್ತು. ಭೀಮಸೇನಸ್ಥಾನ ಕಳೆದು ಮರುವಿಗೆ ಬಂದಾಗ ಬುಟ್ಟಿಯಲ್ಲಿ ಎರಡೇ ದೀಪ ಉಳಿದಿದ್ದವು. ಒಂದನ್ನು ಅವರು ಗಣಪತಿಗೆ ಇಟ್ಟರು. ಇನ್ನೊಂದನ್ನು ಕಾಷ್ಠಮಂಡಪದ ಜಗಲಿಯ ಅಂಚಿನಲ್ಲಿಟ್ಟು, "ರಕ್ತ ಕೊಡಲು ಬಂದವರಿಗೆ" ಎಂದರು. ಆಮೇಲೆ ಅಲ್ಲಿಯೇ ಕುಳಿತು, ಕಾಲಿನ ಮಣ್ಣು ಒರೆಸಿಕೊಂಡು, ಎದುರು ಸಿಕ್ಕಿದ ಗುಥಿಯ ಹುಡುಗನನ್ನು ನಾಳೆಯ ಅಡುಗೆಗೆ ಯಾರ ಮನೆಯ ಪಾಳಿ ಎಂದು ವಿಚಾರಿಸತೊಡಗಿದರು.